ಮನೆ ಹತ್ರ ಬರೋ ನೀರು ಯಾವ ಥರದ್ದು ಅಂತ ಮೊದ್ಲು ಗುರ್ತು ಹಿಡೀರಿ: ಕೊಡಗಿನವ್ರಿಗೆ ಮಳೆಗಾಲದ ಮಾರ್ಗದರ್ಶಿ

ಕಕ್ಕಡ ತಿಂಗ್ಳು (ಜುಲೈ ನಡುವಿಂದ ಆಗಸ್ಟ್ ನಡುವಿನ ತನಕ) ಹತ್ರ ಬಂತು ಅಂದ್ರೆ ಸಾಕು, ವಾಟ್ಸಾಪಲ್ಲಿ ಪ್ರವಾಹ ಬಂದ್ರೆ ಏನ್ ಮಾಡ್ಬೇಕು ಅನ್ನೋ ಫಾರ್ವರ್ಡ್‌ಗಳು ಶುರುವಾಗತ್ತೆ. ಎಲ್ಲದ್ರಲ್ಲೂ ಒಂದು ಲೈನ್ ಇದ್ದೇ ಇರತ್ತೆ, 'ಮನೆಯ ಮೇಲಿನ ಮಹಡಿಗೆ ಹೋಗಿ ಸುರಕ್ಷಿತವಾಗಿರಿ' ಅಂತ. ಕುಶಾಲನಗರದ ಲೇಔಟಲ್ಲಿ ಮನೆ ಇರೋರಿಗೆ ಅದು ಒಳ್ಳೆ ಮಾತೇ. ಆದ್ರೆ ಮಕ್ಕಂದೂರು, ಮುಕ್ಕೋಡ್ಲು ಕಡೆ ಗುಡ್ಡದ ಬುಡದಲ್ಲಿ ಮನೆ ಕಟ್ಕೊಂಡಿರೋರು ಮೇಲಿನ ಮಹಡಿಗೆ ಹೋಗಿ ಕೂತ್ರೆ ಏನಾಗತ್ತೆ ಅಂತ 2018ರಲ್ಲಿ ನೋಡಿದೀವಿ, ಗುಡ್ಡ ಬಂದ್ರೆ ಮಹಡಿ ಸಮೇತ ಎಳ್ಕೊಂಡು ಹೋಗತ್ತೆ. ಬಯಲುಸೀಮೆಗೆ ಬರ್ದ ಸಲಹೆನ ನಮ್ಮ ಜಿಲ್ಲೆಗೆ ಹಾಗೇ ತಂದು ಹಾಕಿದ್ರೆ ಆಗೋ ಎಡವಟ್ಟು ಇದು.

ಇಲ್ಲಿ ನೀರು ಒಂದೇ ಥರ ಬರಲ್ಲ. ಒಂದು ಕಡೆ ಗಂಟೆಗಟ್ಲೆ ಟೈಮ್ ಕೊಟ್ಟು ನಿಧಾನಕ್ಕೆ ಏರತ್ತೆ, ಇನ್ನೊಂದು ಕಡೆ ಐದು ನಿಮಿಷನೂ ಕೊಡಲ್ಲ. ಅದಕ್ಕೇ ಟಾರ್ಚು, ಬಿಸ್ಕೆಟು, ಪವರ್‌ಬ್ಯಾಂಕು ಅಂತ ಲಿಸ್ಟ್ ಮಾಡೋಕೆ ಮುಂಚೆ ನಿಮ್ಮ ಮನೆಗೆ ಇರೋ ಅಪಾಯ ಯಾವ್ದು ಅಂತ ತಿಳ್ಕೊಳ್ಳಿ, ಉಳಿದಿದ್ದೆಲ್ಲ ಅದ್ರ ಮೇಲೆ ನಿಂತಿದೆ.

ಹಂತ 1: ನೀರಿನ ಗುರ್ತು

ಹೊಳೆ ತುಂಬೋದು. ಎಲ್ರಿಗೂ ಗೊತ್ತಿರೋ ಪ್ರವಾಹ ಇದೇ. ಭಾಗಮಂಡಲದಲ್ಲಿ ಕಾವೇರಿ, ಕನ್ನಿಕೆ, ಸುಜ್ಯೋತಿ ಸೇರೋ ಕಡೆ ಸಂಗಮ ಮುಳುಗತ್ತೆ, ಆಮೇಲೆ ನಾಪೋಕ್ಲು ಹತ್ರ ಚೆರಿಯಪರಂಬು, ಮೂರ್ನಾಡು ರಸ್ತೇಲಿ ಬೊಳಿಬಾಣೆ, ಬಲಮುರಿ, ಬೇತ್ರಿ, ಅಲ್ಲಿಂದ ಸಿದ್ದಾಪುರದ ಕರಡಿಗೋಡು, ಗುಹ್ಯ, ನೆಲ್ಯಹುದಿಕೇರಿಯ ಕುಂಬಾರಗುಂಡಿ, ಬೆಟ್ಟದಕಾಡು, ಕೊನೆಗೆ ದುಬಾರೆ ದಾಟಿ ಕುಶಾಲನಗರ. ಆ ಕಡೆ ದಕ್ಷಿಣದಲ್ಲಿ ಲಕ್ಷ್ಮಣತೀರ್ಥ ತುಂಬಿದ್ರೆ ಕಾನೂರು, ನಿಟ್ಟೂರು, ಬಾಳೆಲೆ ಗದ್ದೆಗಳೆಲ್ಲ ಕೆರೆ ಆಗತ್ತೆ, ರಸ್ತೆ ಎಲ್ಲಿದೆ ಅಂತ ಕರೆಂಟ್ ಕಂಬ ನೋಡ್ಕೊಂಡು ಹೇಳ್ಬೇಕು. ಈ ನೀರಿನ ಒಳ್ಳೆ ಗುಣ ಅಂದ್ರೆ ಹೇಳಿ ಬರತ್ತೆ. ಮೇಲೆ ಭಾಗಮಂಡಲದಲ್ಲಿ ಏನಾಯ್ತು ಅಂತ ಕೇಳ್ಕೊಂಡು ಕೆಳಗಿನೋರು ಸಾಮಾನು ಎತ್ತಿಡ್ಬೋದು. ಕೆಟ್ಟ ಗುಣ ಅಂದ್ರೆ ಬಂದಿದ್ದು ಬೇಗ ಹೋಗಲ್ಲ, ಎರಡು ಮೂರು ದಿನ ಮನೆ ಒಳಗೆ ನಿಂತು ಮಣ್ಣಿನ ಗೋಡೆ ಬುಡ ನೆನೆಸಿ, ನೀರು ಇಳಿದ ಮೇಲೆ ಬಿಸಿಲು ಬಂದಾಗ ಗೋಡೆ ಬೀಳತ್ತೆ. ನೀರು ಇಳೀತು ಅಂತ ಓಡಿ ಹೋಗಿ ಒಳಗೆ ಮಲ್ಗೋರು ಇದನ್ನ ಮರೀಬಾರ್ದು.

ಹಾರಂಗಿ ನೀರು. ಇದು ಮೊದಲ್ನೇದಕ್ಕೇ ಸೇರಿದ್ದು, ಆದ್ರೆ ಬೇರೆ ಹೇಳ್ಬೇಕು. ಹಾರಂಗಿ ಡ್ಯಾಂ ಹಿಡಿಯೋದು 8.5 ಟಿಎಂಸಿ, ಭರ್ತಿ ಮಟ್ಟ 2859 ಅಡಿ. ದೊಡ್ಡ ಡ್ಯಾಂ ಏನಲ್ಲ, ಆದ್ರೆ ಮೇಲೆ ಮಡಿಕೇರಿ, ಮಾದಾಪುರ ಕಡೆಯ ಗುಡ್ಡದ ನೀರೆಲ್ಲ ಅದಕ್ಕೇ ಇಳಿಯೋದು, ಸಾಲ್ದು ಅಂತ 2018ರ ಕುಸಿತದ ಮಣ್ಣೂ ಅದೇ ದಾರೀಲಿ ಬಂತು. ತುಂಬಿದ ಡ್ಯಾಂ ಮೇಲೆ ಜೋರು ಮಳೆ ಬಿದ್ರೆ ಗೇಟ್ ತೆಗೀದೆ ಬೇರೆ ದಾರಿ ಇಲ್ಲ. ಹಾರಂಗಿ ಕೂಡಿಗೆ ಹತ್ರ ಕಾವೇರಿಗೆ ಸೇರತ್ತೆ, ಅದು ಕುಶಾಲನಗರದಿಂದ ಕೆಳಗೆ. ಅಲ್ಲಿ ಹಾರಂಗಿ ಜೋರಾಗಿ ನುಗ್ಗಿದ್ರೆ ಕಾವೇರಿ ನೀರಿಗೆ ಮುಂದೆ ಹೋಗೋಕೆ ಜಾಗ ಸಿಗಲ್ಲ, ಹಿಂದಕ್ಕೆ ಒತ್ತತ್ತೆ. ಸಾಯಿ ಲೇಔಟ್, ಕುವೆಂಪು ಲೇಔಟ್‌ಗಳಲ್ಲಿ 2018ರಲ್ಲೂ 2019ರಲ್ಲೂ ನೀರು ನಿಂತಿದ್ದು ಮರೆಯೋ ಹಾಗಿಲ್ಲ. ಅಲ್ಲಿರೋರು ಊರಲ್ಲಿ ಮಳೆ ಇದೆಯಾ ಅಂತ ನೋಡಿದ್ರೆ ಸಾಲಲ್ಲ, ಕುಶಾಲನಗರದಲ್ಲಿ ಬಿಸಿಲಿದ್ರೂ ಮಡಿಕೇರಿ ಭಾಗಮಂಡಲದಲ್ಲಿ ಹೊಯ್ತಿದ್ರೆ ನೀರು ಬರತ್ತೆ.

ತೋಡು ಉಕ್ಕೋದು. ಬೇಸಿಗೇಲಿ ಮಕ್ಳು ಹಾರಿ ದಾಟೋ ತೋಡು ಮಳೇಲಿ ಅರ್ಧ ಗಂಟೇಲಿ ಮರದ ದಿಮ್ಮಿ ಉರುಳಿಸ್ಕೊಂಡು ಬರತ್ತೆ. ಸಂಪಾಜೆ, ಕೊಯ್ನಾಡು ಕಡೆ ಪಯಸ್ವಿನಿಗೆ ಸೇರೋ ಹಳ್ಳಗಳು, ಗೋಣಿಕೊಪ್ಪದಲ್ಲಿ ಕೀರೆಹೊಳೆ, ತೋಟದೊಳಗಿನ ಹೆಸರಿಲ್ಲದ ಸಾವಿರ ತೋಡುಗಳು. ಇದಕ್ಕೆ ಮೋರಿ ಮುಖ್ಯ ಕಾರಣ. ಬಿದಿರು, ಸಿಲ್ವರ್ ಓಕ್ ಕೊಂಬೆ, ಪ್ಲಾಸ್ಟಿಕ್ ಎಲ್ಲ ಬಂದು ಮೋರಿ ಬಾಯಿಗೆ ಸಿಕ್ಕಿಹಾಕ್ಕೊಂಡ್ರೆ ನೀರು ರಸ್ತೆ ಮೇಲೆ ಹತ್ತಿ ಪಕ್ಕದ ಮನೆ ಅಂಗಳಕ್ಕೆ ದಾರಿ ಮಾಡ್ಕೊಳ್ಳತ್ತೆ. ಜೀವ ತೆಗಿಯೋದ್ರಲ್ಲಿ ಇದೂ ಹೊಳೆಗೆ ಕಮ್ಮಿ ಇಲ್ಲ, ಯಾಕಂದ್ರೆ ಯಾರೂ ಇದನ್ನ ಲೆಕ್ಕಕ್ಕೆ ತಗೊಳ್ಳಲ್ಲ.

ಗುಡ್ಡದ ನೀರು. ಬರೆ (ಗುಡ್ಡ ಕಡಿದಲ್ಲಿ ನಿಲ್ಲೋ ಕಡಿದಾದ ಮಣ್ಣಿನ ಗೋಡೆ) ಕುಸಿಯೋದು, ಜಲ (ನೆಲದೊಳಗಿನ ಒರತೆ) ಒಡೆಯೋದು ಅಂತೀವಲ್ಲ ಅದು. ಇದನ್ನ ಪ್ರವಾಹದ ಪಟ್ಟಿಗೆ ಯಾಕೆ ಸೇರಿಸ್ತೀರಿ ಅಂತ ಕೇಳ್ಬೋದು. ಇಲ್ಲಿ ಎರಡನ್ನೂ ಬೇರೆ ಮಾಡೋಕಾಗಲ್ಲ ಸ್ವಾಮಿ, ಒಂದೇ ಮಳೆ, ಒಂದೇ ನೀರು. ಮೇಲಿಂದ ಹರಿದು ಹೋಗಿದ್ದು ಹೊಳೆ ಆಗತ್ತೆ, ಒಳಗೆ ಇಂಗಿದ್ದು ಬಂಡೆ ಮೇಲೆ ಕೂತಿರೋ ಮಣ್ಣನ್ನ ಒದ್ದೆ ಗೋಣಿಚೀಲದ ಹಾಗೆ ಭಾರ ಮಾಡಿ ಜಾರಿಸತ್ತೆ. 2018 ಆಗಸ್ಟಲ್ಲಿ ಜೋಡುಪಾಲ, ಮದೆನಾಡು, ಮೊಣ್ಣಂಗೇರಿ, ಮಕ್ಕಂದೂರು, ಹಟ್ಟಿಹೊಳೆ, ಕಾಲೂರು. 2019 ಆಗಸ್ಟಲ್ಲಿ ವಿರಾಜಪೇಟೆ ಕಡೆ ತೋರ, ಭಾಗಮಂಡಲ ಹತ್ರ ಕೋರಂಗಾಲ. 2020 ಆಗಸ್ಟಲ್ಲಿ ತಲಕಾವೇರಿಯ ಗಜಗಿರಿ. ಮೂರು ವರ್ಷ, ಮೂರು ಬೇರೆ ಬೇರೆ ಕಡೆ, ಆದ್ರೆ ತಿಂಗ್ಳು ಒಂದೇ. ಜೂನ್ ಜುಲೈಲಿ ನೆಲ ಕುಡಿದಿದ್ದು ಸಾಕಾಗಿ, ಆಶ್ಲೇಷ ಮಳೆ ಬಿಡದೆ ಹಿಡಿದಾಗ ಇನ್ನು ಒಂದು ಹನಿನೂ ಬೇಡ ಅನ್ನೋ ಸ್ಥಿತಿಗೆ ಬಂದಿರತ್ತೆ. 2024 ಜುಲೈ 30ಕ್ಕೆ ಪಕ್ಕದ ವಯನಾಡಲ್ಲಿ ಮುಂಡಕ್ಕೈ, ಚೂರಲ್‌ಮಲ ಕೊಚ್ಚಿ ಹೋಗಿದ್ದೂ ಇದೇ ಜಾತಿಯ ನೀರಿಂದ, ಅದೂ ನಡುರಾತ್ರೀಲಿ.

ಈಗ ನಿಮ್ಮ ಮನೇದು ಯಾವ್ದು ಅಂತ ಹೇಗೆ ಗೊತ್ತಾಗೋದು? ಒಂದು ಸಲ ಜೋರು ಮಳೆ ಬರ್ತಿರೋವಾಗ್ಲೇ (ರೆಡ್ ಅಲರ್ಟ್ ದಿನ ಅಲ್ಲ ಮಾರಾಯ್ರೆ, ಜೂನಲ್ಲಿ ಮಾಮೂಲಿ ಮಳೇಲಿ) ಕೊಡೆ ಹಿಡ್ಕೊಂಡು ಮನೆ ಸುತ್ತ ನಡೀರಿ. ಮೇಲಿನ ತೋಟದ ನೀರು ಎಲ್ಲಿಂದ ಇಳೀತಿದೆ, ಮನೆ ಹಿಂದಿನ ಬರೆ ಎಷ್ಟು ಎತ್ತರ ಇದೆ, ಬರೆಗೂ ಗೋಡೆಗೂ ಮಧ್ಯೆ ಎಷ್ಟು ಜಾಗ, ಬರೆ ಬುಡದಲ್ಲಿ ನೀರು ಒಸರ್ತಾ ಇದೆಯಾ ಅಂತ ನೋಡಿ. ಮನೆ ಹಿಂದೆ ನೆಟ್ಟಗೆ ಕಡಿದ ಬರೆ ಇದ್ರೆ ನೀವು ನಾಲ್ಕನೇ ಲೆಕ್ಕ, ಹೊಳೆ ಎಷ್ಟು ದೂರ ಇದ್ರೂ ಸರಿ. ಹೊಳೆ ಪಕ್ಕದವ್ರು ಹಳಬ್ರನ್ನ ಕೇಳಿ, ಯಾವ ಮರದ ತನಕ ನೀರು ಬಂದಿತ್ತು ಅಂತ. ಆದ್ರೆ ಅವ್ರು 'ನಮ್ಮ ಅಜ್ಜನ ಕಾಲದಿಂದ ಇಲ್ಲಿಗೆ ಬಂದಿಲ್ಲ' ಅಂದ್ರೆ ಅದನ್ನ ಪೂರ್ತಿ ನಂಬ್ಕೊಂಡು ಕೂರ್ಬೇಡಿ. ಅಜ್ಜನ ಕಾಲದಲ್ಲಿ ಪಕ್ಕದ ಗದ್ದೆ ಗದ್ದೆಯಾಗೇ ಇತ್ತು, ನೀರು ಬಂದ್ರೆ ಅಲ್ಲಿ ಹರಡ್ಕೊಂಡು ನಿಲ್ತಿತ್ತು. ಈಗ ಅದಕ್ಕೆ ಮಣ್ಣು ತುಂಬಿ ಸೈಟ್ ಮಾಡಿದ್ರೆ ಆ ನೀರು ನಿಮ್ಮ ಮನೆಗಲ್ದೆ ಇನ್ನೆಲ್ಲಿಗೆ ಹೋಗ್ಬೇಕು? ಗುಡ್ಡದ ವಿಷಯಕ್ಕೆ ಜಿಯಾಲಾಜಿಕಲ್ ಸರ್ವೆಯವ್ರು ಭೂಕುಸಿತ ಆಗ್ಬೋದಾದ ಜಾಗಗಳ ಮ್ಯಾಪ್ ಮಾಡಿಟ್ಟಿದಾರೆ, ನಿಮ್ಮ ಊರು ಯಾವ ಬಣ್ಣದಲ್ಲಿದೆ ಅಂತ ಪಂಚಾಯ್ತಿಲೋ ತಾಲೂಕು ಆಫೀಸಲ್ಲೋ ಕೇಳಿ.

ಕಾರಣಗಳ ಬಗ್ಗೆ ಒಂದು ಮಾತು ಹೇಳ್ಬಿಡ್ತೀನಿ. ಮಳೆ ಜಾಸ್ತಿ ಅನ್ನೋದು ನಿಜ, ಪಶ್ಚಿಮ ಘಟ್ಟಕ್ಕೆ ಮೋಡ ಬಂದು ಡಿಕ್ಕಿ ಹೊಡೆಯೋ ಜಾಗದಲ್ಲೇ ನಾವಿರೋದು. ಆದ್ರೆ 2018ರ ನಂತ್ರ ಬಂದು ನೋಡಿದ ಭೂವಿಜ್ಞಾನಿಗಳು ಮಳೆ ಜೊತೆಗೆ ಇಳಿಜಾರನ್ನ ಮನುಷ್ಯ ಕೆತ್ತಿದ್ದನ್ನೂ ಹೇಳಿದಾರೆ. ರಸ್ತೆ ಅಗಲ ಮಾಡೋಕೆ, ಹೋಂಸ್ಟೇಗೆ, ಸೈಟಿಗೆ ಹಿಟಾಚಿ ತಂದು ಗುಡ್ಡದ ಕಾಲು ಕಡಿದ್ರೆ ಮೇಲಿನದು ನಿಲ್ಲೋಕೆ ಏನಿದೆ? ಎಲ್ಲ ಪ್ರಕೃತಿ ವಿಕೋಪ ಅಂತ ಕೈ ತೊಳ್ಕೊಳ್ಳೋದು ಸುಲಭ.

ಹಂತ 2: ಮಳೆ ಅಳೀರಿ, ಬರೆದಿಡಿ

ನಮ್ಮ ಜಿಲ್ಲೇಲಿ ಇದೊಂದು ಭಾಗ್ಯ, ಸಣ್ಣ ತೋಟದವ್ರ ಮನೇಲೂ ಮಳೆ ಮಾಪನ ಇರತ್ತೆ, ಇಂಚು, ಸೆಂಟಲ್ಲಿ (ನೂರು ಸೆಂಟಿಗೆ ಒಂದು ಇಂಚು) ಮಾತಾಡ್ತೀವಿ. ಹವಾಮಾನ ಇಲಾಖೆ ಮಿಲಿಮೀಟರಲ್ಲಿ ಹೇಳೋದ್ರಿಂದ ಅಲರ್ಟ್ ಬಂದಾಗ ತುಂಬ ಜನಕ್ಕೆ ಅಂದಾಜು ಸಿಗಲ್ಲ. ಒಂದು ಇಂಚು ಅಂದ್ರೆ 25.4 ಮಿ.ಮೀ. ಇಲಾಖೆ ಲೆಕ್ಕದಲ್ಲಿ 24 ಗಂಟೇಲಿ 64.5 ಮಿ.ಮೀ. ದಾಟಿದ್ರೆ ಭಾರೀ ಮಳೆ, ಅದು ನಮ್ಮ ಎರಡೂವರೆ ಇಂಚು. 115.6 ದಾಟಿದ್ರೆ ಅತಿ ಭಾರೀ, ನಾಲ್ಕೂವರೆ ಇಂಚು. 204.5 ಮುಟ್ಟಿದ್ರೆ ವಿಪರೀತ, ಅಂದ್ರೆ ಎಂಟು ಇಂಚು. ನಮ್ಮಲ್ಲಿ ಎರಡೂವರೆ ಇಂಚಿಗೆ ಯಾರೂ ತಲೆ ಕೆಡಿಸ್ಕೊಳ್ಳಲ್ಲ, ಭಾಗಮಂಡಲದವ್ರು ಅದನ್ನ ಮಳೆ ಅಂತಾನೂ ಕರೆಯಲ್ಲ.

ಒಂದೇ ದಿನದ ನಂಬರ್ ನೋಡಿ ನಿರ್ಧಾರ ಮಾಡ್ಬೇಡಿ. ದಿನಾ ಬೆಳಿಗ್ಗೆ ಒಂದೇ ಟೈಮಿಗೆ ಅಳೆದು ಕ್ಯಾಲೆಂಡರ್ ಮೇಲೇ ಬರೀರಿ, ಪಕ್ಕದಲ್ಲಿ ಹಿಂದಿನ ಮೂರು ದಿನದ ಟೋಟಲ್ ಬರೀರಿ. ನೆಲ ಒಣಗಿರೋವಾಗ ಬಂದ ಐದು ಇಂಚು ಬೇರೆ, ಹತ್ತು ದಿನ ಬಿಡದೆ ಹೊಯ್ದ ಮೇಲೆ ಬಂದ ಐದು ಇಂಚೇ ಬೇರೆ. ಹೊಳೆ ಪಕ್ಕದವ್ರು ಅಂಗಳದ ಕೆಳಗೆ ಒಂದು ಗಟ್ಟಿ ಬಿದಿರು ನೆಟ್ಟು ಅಡಿಗೊಂದು ಪೇಂಟ್ ಗೆರೆ ಹಾಕಿ. ಗಂಟೆಗೆ ಎಷ್ಟು ಏರ್ತಿದೆ ಅನ್ನೋದು ಟೀವಿ ನ್ಯೂಸಿಗಿಂತ ಸರಿಯಾಗಿ ಅದ್ರಲ್ಲಿ ಗೊತ್ತಾಗತ್ತೆ. ರಾತ್ರಿ ಟಾರ್ಚ್ ಬಿಟ್ಟು ನೋಡೋ ಹಾಗೆ ಮನೆ ಜಗಲಿಯಿಂದ ಕಾಣೋ ಕಡೆ ನೆಡಿ, ನೋಡೋಕೆ ಅಂತ ಹೊಳೆ ಹತ್ರ ಇಳಿಯೋ ಹಾಗಿರ್ಬಾರ್ದು.

ಮಾಹಿತಿಗೆ ರಾಜ್ಯದ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರ, ಅಂದ್ರೆ ಕೆಎಸ್‌ಎನ್‌ಡಿಎಂಸಿ ಇದೆ, ಎನ್‌ಡಿಎಂಎಯ (ಕೇಂದ್ರದ ವಿಪತ್ತು ನಿರ್ವಹಣಾ ಪ್ರಾಧಿಕಾರ) ಸಚೇತ್ ಆಪ್ ಇದೆ. ತುರ್ತಿಗೆ 112, ಜಿಲ್ಲಾ ಕಂಟ್ರೋಲ್ ರೂಮಿಗೆ 1077, ಕರೆಂಟ್ ತಂತಿ ಬಿದ್ದಿದ್ರೆ ಚೆಸ್ಕಾಂ 1912. ಮಳೆ ಜೋರಾದ್ರೆ ಮೊದ್ಲು ಕರೆಂಟ್ ಹೋಗತ್ತೆ, ಆಮೇಲೆ ಟವರ್ ಹೋಗತ್ತೆ, ಹಾಗಾಗಿ ಬ್ಯಾಟರಿ ರೇಡಿಯೋ ಒಂದಿದ್ರೆ ಮಡಿಕೇರಿ ಆಕಾಶವಾಣಿ ಕೇಳ್ಬೋದು. ಹಳೇದು ಅಂತ ಅಟ್ಟಕ್ಕೆ ಹಾಕಿದ್ರೆ ಇಳಿಸಿ. ವಾಟ್ಸಾಪಲ್ಲಿ ಓಡಾಡೋ ವಿಡಿಯೋಗಳಲ್ಲಿ ಅರ್ಧಕ್ಕರ್ಧ ಹಿಂದಿನ ವರ್ಷದ್ದೋ ಕೇರಳದ್ದೋ ಆಗಿರತ್ತೆ, ಅದನ್ನ ನೋಡಿ ಹೆದರೋದೂ ಬೇಡ, ನಾಲ್ಕು ಸುಳ್ಳು ನೋಡಿದ್ಮೇಲೆ ಐದನೇ ನಿಜವನ್ನೂ ಬಿಡೋದು ಬೇಡ.

ಹಂತ 3: ಮೇ ತಿಂಗಳಲ್ಲಿ ಮುಗಿಸ್ಬೇಕಾದ ಕೆಲ್ಸ

ಮೋರಿ, ಚರಂಡಿ ಮೊದ್ಲು. ಪಂಚಾಯ್ತಿಯವ್ರು ಮಾಡ್ತಾರೆ ಅಂತ ಕಾದ್ರೆ ಜುಲೈ ಬರತ್ತೆ, ಅಕ್ಕಪಕ್ಕದ ನಾಲ್ಕು ಮನೆಯವ್ರು ಸೇರಿ ಒಂದು ಭಾನುವಾರ ಕತ್ತಿ, ಗುದ್ದಲಿ ಹಿಡ್ಕೊಂಡು ಹೋದ್ರೆ ಮುಗಿಯತ್ತೆ. ಮನೆ ಮೇಲ್ಭಾಗದ ತೋಟದಲ್ಲಿ ನೀರು ಅಡ್ಡಕ್ಕೆ ತಿರುಗಿಸೋ ಚರಂಡಿ ಇದ್ರೆ ಅದ್ರ ಕಸ ತೆಗೀರಿ, ಅದು ಒಡೆದು ನೇರ ಮನೆ ಹಿಂದಕ್ಕೆ ಬರೋದೇ ಹೆಚ್ಚು. ಇಳಿಜಾರಲ್ಲಿ ಉದ್ದಕ್ಕೆ ಬಿರುಕು ಕಂಡ ಜಾಗ ಇದ್ರೆ ಅಲ್ಲಿ ಇಂಗುಗುಂಡಿ, ತೊಟ್ಟಿಲು ಗುಂಡಿ (ಕಾಫಿ ಸಾಲಿನ ಮಧ್ಯೆ ನೀರು ಇಂಗಿಸೋಕೆ ತೆಗೆಯೋದು) ಬೇಡವೇ ಬೇಡ. ನೀರು ಇಂಗಿಸೋದು ಒಳ್ಳೇದೇ, ಆದ್ರೆ ಜಾರೋಕೆ ರೆಡಿ ಇರೋ ಜಾಗಕ್ಕೆ ನೀರು ಕುಡಿಸ್ಬಾರ್ದು, ಬಿರುಕಿಗೆ ಜೇಡಿಮಣ್ಣು ತುಂಬಿ, ಮೇಲೆ ಟಾರ್ಪಲ್ ಹಾಕಿ, ನೀರು ಪಕ್ಕಕ್ಕೆ ಹೋಗೋ ಹಾಗೆ ಮಾಡಿ, ಪಂಚಾಯ್ತಿಗೂ ಹೇಳಿ. ಬರೆ ಕಡಿಯೋ ಕೆಲ್ಸ ಏನಿದ್ರೂ ಮಳೆಗಾಲಕ್ಕೆ ಮುಂಚೆ ತಡೆಗೋಡೆ ಸಮೇತ ಮುಗಿಯೋ ಹಾಗಿದ್ರೆ ಮಾತ್ರ ಶುರು ಮಾಡಿ. ತಡೆಗೋಡೇಲಿ ನೀರು ಹೊರಗೆ ಬರೋಕೆ ಪೈಪ್ ಬಿಡದೆ ಕಟ್ಟಿದ್ರೆ ಅದು ಗೋಡೆ ಅಲ್ಲ, ಮುಂದಿನ ವರ್ಷ ಮನೆ ಮೇಲೆ ಬೀಳೋ ಕಲ್ಲಿನ ರಾಶಿ.

ಹೊಳೆ ಪಕ್ಕದ ಮನೆಯವ್ರು: ಗೊಬ್ಬರ, ಔಷಧಿ, ಕಳೆನಾಶಕ ಕೆಳಗೆ ಗೋಡೌನಲ್ಲಿ ಇಟ್ಟಿದ್ರೆ ಎತ್ತರಕ್ಕೆ ಸಾಗ್ಸಿ, ನೀರು ನುಗ್ಗಿದ್ರೆ ಅದೆಲ್ಲ ಎಲ್ರ ಬಾವಿಗೂ ಹೋಗತ್ತೆ. ಮಾರದೆ ಉಳಿಸಿರೋ ಕಾಫಿ, ಮೆಣಸು ಮೂಟೆ ಕೂಡ.

ದಾಖಲೆಗಳ ಫೋಟೋ ತೆಗೆದು ಬೇರೆ ಊರಲ್ಲಿರೋ ಮಕ್ಕಳಿಗೋ ತಮ್ಮನಿಗೋ ಕಳ್ಸಿಡಿ. ಪಹಣಿ, ಆಧಾರ್, ಪಾಸ್‌ಬುಕ್, ರೇಷನ್ ಕಾರ್ಡ್, ಗಾಡಿ ಇನ್ಶೂರೆನ್ಸ್. ಮನೆ ಒಳಗೆ ಹೊರಗೆ ಒಂದು ರೌಂಡ್ ವಿಡಿಯೋನೂ ಮಾಡಿಡಿ, ಗೋಡೆ, ಮಾಡು, ಸಾಮಾನು ಎಲ್ಲ ಕಾಣೋ ಹಾಗೆ. ಹಾಳಾದ ಮೇಲೆ ಮುಂಚೆ ಹೇಗಿತ್ತು ಅಂತ ತೋರ್ಸೋಕೆ ಬೇರೆ ಸಾಕ್ಷಿ ಇರಲ್ಲ.

ಮತ್ತೆ ಎಲ್ಲಿಗೆ ಹೋಗೋದು ಅಂತ ಈಗ್ಲೇ ತೀರ್ಮಾನ ಮಾಡಿ, ದಾರಿ ಸಮೇತ. ಹೋಗೋ ದಾರೀಲಿ ತೋಡು ದಾಟ್ಬೇಕಾ, ಬರೆ ಕೆಳಗೆ ಹೋಗ್ಬೇಕಾ? ಹಾಗಿದ್ರೆ ಅದು ದಾರಿ ಅಲ್ಲ. ಲೈನ್ ಮನೇಲಿ ಇರೋ ಕೆಲ್ಸದವ್ರಿಗೂ ಇದನ್ನ ಹೇಳೋದು ತೋಟದ ಯಜಮಾನ್ರ ಜವಾಬ್ದಾರಿ. ಅಸ್ಸಾಮಿಂದ ಬಂದ ಕುಟುಂಬಕ್ಕೆ ಕನ್ನಡದ ಮೈಕ್ ಅನೌನ್ಸ್‌ಮೆಂಟ್ ಅರ್ಥ ಆಗಲ್ಲ, ಅದೂ ರಾತ್ರಿ ಮಳೆ ಸದ್ದಲ್ಲಿ. ಒಂದ್ಸಲ ಕರ್ಕೊಂಡು ಹೋಗಿ ಜಾಗ ತೋರ್ಸಿ.

ಹಂತ 4: ಆ ದಿನ

ಹೊಳೆ ನೀರಾದ್ರೆ ಟೈಮ್ ಇದೆ, ಆದ್ರೆ ಆ ಟೈಮೇ ಜನಕ್ಕೆ ಮೋಸ ಮಾಡೋದು. ಇನ್ನೊಂದು ಮೆಟ್ಲು ಬರ್ಲಿ ನೋಡೋಣ, ಇನ್ನೊಂದು ಮೆಟ್ಲು ಬರ್ಲಿ ಅಂತ ಕೂತು, ಕೊನೆಗೆ ಮನೆಗೆ ಬರೋ ಮೊದ್ಲು ರಸ್ತೆ ತಗ್ಗು ಮುಳುಗಿ ಮನೆ ದ್ವೀಪ ಆಗತ್ತೆ. ಹಾಗಾಗಿ ನಿಮ್ಮ ಗುರ್ತು ಮನೆ ಮೆಟ್ಲಲ್ಲಿ ಇಟ್ಕೋಬೇಡಿ, ರಸ್ತೇಲಿರೋ ತಗ್ಗಲ್ಲಿ ಇಟ್ಕೊಳ್ಳಿ. ಅಲ್ಲಿ ನೀರು ಕಾಣೋಕೆ ಮುಂಚೆ ಹೊರಡಿ. ಹೊರಡೋ ಮುಂಚೆ ಮೇನ್ ಸ್ವಿಚ್ ಆಫ್, ಗ್ಯಾಸ್ ರೆಗ್ಯುಲೇಟರ್ ಆಫ್, ಸಿಲಿಂಡರ್‌ನ ಕಿಟಕಿ ಸರಳಿಗೆ ಕಟ್ಟಿ, ಅರ್ಧ ಖಾಲಿ ಆಗಿದ್ರೆ ತೇಲ್ಕೊಂಡು ಹೋಗತ್ತೆ. ದನ, ಹಂದಿ, ನಾಯಿ ಎತ್ತರಕ್ಕೆ ಸಾಗಿಸೋಕೆ ಆಗ್ದಿದ್ರೆ ಹಗ್ಗ ಬಿಚ್ಚಿ, ಗೂಡಿನ ಬಾಗ್ಲು ತೆಗೆದಿಟ್ಟು ಹೋಗಿ. ಕಟ್ಟಿ ಹಾಕಿದ ಹಸು ಕೊಟ್ಟಿಗೇಲಿ ಮುಳುಗಿ ಸಾಯೋದನ್ನ ನೋಡಿದವ್ರು ಇನ್ಯಾವತ್ತೂ ಮರೆಯಲ್ಲ. ದಿನಾ ತಗೊಳ್ಳೋ ಮಾತ್ರೆ, ಕನ್ನಡಕ, ಮಗುವಿನ ಬಟ್ಟೆ, ಫೈಲು ಇಷ್ಟು ಕೈಯಲ್ಲಿದ್ರೆ ಸಾಕು, ಟೀವಿ ಹೊರೋಕೆ ಹೋಗ್ಬೇಡಿ.

ಪರಿಹಾರ ಕೇಂದ್ರಕ್ಕೆ ಹೋಗೋಕೆ ನಾಚಿಕೆ ಪಡೋರು ತುಂಬ ಇದಾರೆ, ನಮ್ಮ ಮನೆತನಕ್ಕೆ ಅದು ಸರಿ ಹೋಗಲ್ಲ ಅಂತ. ನೆಂಟ್ರ ಮನೆ ಇದ್ರೆ ಅಲ್ಲಿಗೆ ಹೋಗಿ, ಒಟ್ನಲ್ಲಿ ಹೋಗಿ.

ಗುಡ್ಡದ ನೀರಾದ್ರೆ ಕಣ್ಣು ಕಿವಿ ಎರಡೂ ಬೇಕು. ಮೊನ್ನೆ ತನಕ ಸಲೀಸಾಗಿ ಹಾಕ್ತಿದ್ದ ಬಾಗ್ಲು ಇವತ್ತು ಚೌಕಟ್ಟಿಗೆ ಸಿಕ್ಕಿ ಬಿಗಿಯಾಗತ್ತೆ, ಮಳೆಗೆ ಮರ ಉಬ್ಬಿರ್ಬೇಕು ಅಂತ ಒದ್ದು ಹಾಕ್ತೀವಿ. ಒಂದು ಬಾಗ್ಲು ಹಾಗಾದ್ರೆ ಮರ ಉಬ್ಬಿದ್ದು ಇರ್ಬೋದು, ಎರಡು ಮೂರು ಬಾಗ್ಲು, ಕಿಟಕಿ ಒಟ್ಟಿಗೆ ಬಿಗಿಯಾಗಿ, ಸಿಮೆಂಟ್ ನೆಲದಲ್ಲಿ ಕೂದಲೆಳೆ ಬಿರುಕು ಬಂದು, ಬೆಳಿಗ್ಗೆಗೂ ಸಂಜೆಗೂ ಅದು ಅಗಲ ಆಗಿದ್ರೆ ಮನೆ ಕೂತಿರೋ ನೆಲವೇ ಜರುಗ್ತಾ ಇದೆ. ಬಿರುಕಿನ ಎರಡೂ ಕಡೆ ಪೆನ್ಸಿಲಲ್ಲಿ ಗುರ್ತು ಹಾಕಿ ಸ್ಕೇಲ್ ಇಟ್ಟು ನೋಡಿ, ಅನುಮಾನ ಇರಲ್ಲ. ಇನ್ನು ಉಳಿದ ಲಕ್ಷಣಗಳು: ಕರೆಂಟ್ ಕಂಬ, ಅಡಿಕೆ ಮರ ಇದ್ದಕ್ಕಿದ್ದ ಹಾಗೆ ವಾಲೋದು, ಬರೆಯಿಂದ ಸಣ್ಣ ಕಲ್ಲು ಉದುರ್ತಾನೇ ಇರೋದು, ಇಲ್ಲದ ಕಡೆ ಹೊಸ ಜಲ ಹುಟ್ಟೋದು, ತಿಳಿ ಜಲ ಕೆಂಪಾಗೋದು, ಬಾವಿ ನೀರು ಕಾರಣ ಇಲ್ದೆ ಏರೋದು ಇಳಿಯೋದು.

ಇದೊಂದನ್ನ ಮಾತ್ರ ಮನೇಲಿ ಚಿಕ್ಕ ಮಕ್ಕಳಿಗೂ ಹೇಳ್ಕೊಡಿ: ಜೋರು ಮಳೆ ಬರ್ತಾನೇ ಇದೆ, ಆದ್ರೆ ತೋಡಿನ ನೀರು ಇದ್ದಕ್ಕಿದ್ದ ಹಾಗೆ ಕಮ್ಮಿ ಆಯ್ತು ಅಂದ್ರೆ ಖುಷಿ ಪಡೋ ವಿಷಯ ಅಲ್ಲ. ಮೇಲೆ ಎಲ್ಲೋ ಗುಡ್ಡ ಜರಿದು ತೋಡಿಗೆ ಅಡ್ಡ ಬಿದ್ದಿದೆ, ಹಿಂದೆ ನೀರು ಕಟ್ಕೊಳ್ತಾ ಇದೆ, ಅದು ಒಡೆದಾಗ ಮಣ್ಣು, ಬಂಡೆ, ಮರ ಎಲ್ಲ ಒಟ್ಟಿಗೆ ಬರತ್ತೆ. ತಕ್ಷಣ ತೋಡಿನ ದಾರಿ ಬಿಟ್ಟು ಅಡ್ಡಕ್ಕೆ, ಪಕ್ಕದ ದಿಣ್ಣೆಗೆ ಓಡಿ. ಕೆಳಕ್ಕೆ ಓಡಿದ್ರೆ ಅದು ನಿಮ್ಗಿಂತ ಫಾಸ್ಟ್. ಹೆಲಿಕಾಪ್ಟರ್ ಬಂದ ಹಾಗೆ, ಲಾರಿ ಕಲ್ಲು ಸುರಿದ ಹಾಗೆ ಸದ್ದು ಕೇಳಿದ್ರೂ ಅಷ್ಟೇ, ಏನದು ಅಂತ ನೋಡೋಕೆ ಹಿತ್ತಲಿಗೆ ಹೋಗ್ಬೇಡಿ.

ಇಂಥ ಮನೆಗಳವ್ರು ಅಲರ್ಟ್ ಇದ್ದ ರಾತ್ರಿ ಅಲ್ಲಿ ಮಲ್ಗದೇ ಇರೋದು ಒಂದೇ ಉಪಾಯ. ಹಗಲು ಬಂದು ದನ ನೋಡ್ಕೊಳ್ಳಿ, ಹಾಲು ಕರೀರಿ, ಕತ್ತಲಾಗೋಕೆ ಮುಂಚೆ ಹೊರಡಿ. ಹೋಗೋಕೆ ಆಗ್ಲೇ ಇಲ್ಲ ಅಂದ್ರೆ ಬರೆ ಕಡೆಯ ರೂಮ್ ಬಿಟ್ಟು ಮುಂದಿನ ಕೋಣೇಲಿ ಎಲ್ರೂ ಒಟ್ಟಿಗೆ, ಒಬ್ರು ಎಚ್ಚರ ಇರೋ ಹಾಗೆ ಪಾಳಿ ಹಾಕ್ಕೊಳ್ಳಿ. ಇದು ಸಮಾಧಾನಕ್ಕೆ ಹೇಳೋದು, ಮೊದಲ್ನೇದೇ ಸರಿ.

ರಸ್ತೆ ಬಗ್ಗೆ. ಪಾದದ ಗಂಟು ಮೇಲಕ್ಕೆ, ಅಂದ್ರೆ ಅರ್ಧ ಅಡಿ, ಹರಿಯೋ ನೀರು ದೊಡ್ಡವ್ರನ್ನೂ ಕೆಡವತ್ತೆ. ಒಂದಡಿ ನೀರು ಸಣ್ಣ ಕಾರನ್ನ ತೇಲಿಸತ್ತೆ. ಎರಡಡಿಗೆ ಜೀಪೂ ಹೋಗತ್ತೆ. ನಮ್ಮ ಜೀಪ್ ಡ್ರೈವರ್‌ಗಳಿಗೆ ಇದನ್ನ ಹೇಳಿದ್ರೆ ನಗ್ತಾರೆ, ಫೋರ್ ವೀಲ್ ಇದೆಯಲ್ಲ ಅಂತ. ಫೋರ್ ವೀಲ್ ಕೆಸರಿಗೆ ಇರೋದು, ಚಕ್ರ ನೆಲ ಬಿಟ್ಟು ಎದ್ದ ಮೇಲೆ ನಾಲ್ಕು ತಿರುಗಿದ್ರೂ ಒಂದೇ. ಕೆಂಪು ನೀರಡಿ ರಸ್ತೆ ಇನ್ನೂ ಇದೆಯಾ ಕೊಚ್ಚಿ ಹೋಗಿದೆಯಾ ಅಂತಾನೂ ಕಾಣಲ್ಲ. ಬೆಂಗ್ಳೂರಿಂದ ಆರೆಂಜ್ ಅಲರ್ಟ್ ದಿನ ಅಬ್ಬಿ ಫಾಲ್ಸ್ ನೋಡೋಕೆ ಬರೋ ಅಣ್ಣಂದಿರೇ, ಫಾಲ್ಸ್ ಅಕ್ಟೋಬರಲ್ಲೂ ಇಲ್ಲೇ ಇರತ್ತೆ, ಬರೆ ಬಿದ್ದು ರಸ್ತೆ ಬಂದಾದ್ರೆ ನಿಮ್ಮನ್ನ ಹುಡ್ಕೋಕೆ ಬರೋರು ಊರಿನ ಹುಡುಗ್ರೇ.

ಹಂತ 5: ನೀರು ಇಳಿದ ಮೇಲೆ

ಮನೆಗೆ ಹಗಲಲ್ಲೇ ವಾಪಸ್ ಹೋಗಿ. ಮೊದ್ಲು ಹೊರಗಿಂದ ಒಂದು ಸುತ್ತು, ಗೋಡೆ ಬುಡ ಕೊರೆದಿದೆಯಾ, ಮಾಡು ವಾಲಿದೆಯಾ ನೋಡಿ. ಏನಕ್ಕೂ ಕೈ ಹಾಕೋಕೆ ಮುಂಚೆ ಫೋಟೋ ತೆಗೀರಿ, ಗೋಡೆ ಮೇಲೆ ನೀರು ನಿಂತ ಗೆರೆ ಕಾಣೋ ಹಾಗೆ. ಬಾಗಿಲು ತೆಗೆದು ಗಾಳಿ ಆಡಿಸಿ, ಗ್ಯಾಸ್ ವಾಸನೆ ಇದ್ರೆ ಬೆಂಕಿಕಡ್ಡಿ ಗೀರ್ಬೇಡಿ. ನೀರು ಹೊಕ್ಕ ವೈರಿಂಗ್‌ನ ಎಲೆಕ್ಟ್ರಿಷಿಯನ್ ನೋಡದೆ ಮೇನ್ ಹಾಕ್ಬೇಡಿ, ಫ್ರಿಜ್, ಮೋಟರ್ ಒಣಗಿದ ಹಾಗೆ ಕಂಡ್ರೂ ಅಷ್ಟೇ. ಮುಳುಗಿದ ಬೈಕು ಕಾರು ಸ್ಟಾರ್ಟ್ ಮಾಡಿ ನೋಡೋ ಚಪಲ ಬೇಡ, ಇಂಜಿನ್ ಒಳಗೆ ನೀರಿದ್ರೆ ಒಂದ್ಸಲ ಸೆಲ್ಫ್ ಹೊಡೆದ್ರೆ ಇಂಜಿನ್ನೇ ಹೋಗತ್ತೆ, ಇನ್ಶೂರೆನ್ಸ್‌ನವ್ರು ಅದನ್ನೇ ಹಿಡ್ಕೊಂಡು ತಕರಾರು ತೆಗೀತಾರೆ. ಹಾವು ಸೌದೆ ರಾಶಿ, ಅಟ್ಟ, ಮಡಚಿಟ್ಟ ಟಾರ್ಪಲ್ ಒಳಗೆ ಸೇರ್ಕೊಂಡಿರತ್ತೆ, ಕೋಲಲ್ಲಿ ತಟ್ಟಿ ಎತ್ತಿ. ಕಚ್ಚಿದ್ರೆ ಕೊಯ್ಯೋದು, ಬಿಗಿದು ಕಟ್ಟೋದು ಬೇಡ, ಅಲುಗಾಡಿಸದೆ ಆಸ್ಪತ್ರೆಗೆ.

ಬಾವಿ. ಹೊಳೆ ನೀರು ಹೊಕ್ಕ ಬಾವಿ ಅಂದ್ರೆ ಪಕ್ಕದ ಕಕ್ಕಸು ಗುಂಡಿ, ಕೊಟ್ಟಿಗೆ, ಸತ್ತ ಕೋಳಿ ಎಲ್ಲದ್ರ ನೀರು. ತಿಳಿಯಾಗಿ ಕಂಡ್ರೂ ಕುಡೀಬಾರ್ದು. ಸುತ್ತ ನೆಲ ಪೂರ್ತಿ ನೆಂದಿರೋವಾಗ ಮೋಟರ್ ಇಟ್ಟು ಒಂದೇ ಸಲ ಖಾಲಿ ಮಾಡಿದ್ರೆ ಬಾವಿ ಗೋಡೆ ಒಳಕ್ಕೆ ಬೀಳ್ಬೋದು, ಎರಡು ಮೂರು ದಿನ ಬಿಟ್ಟು ನಿಧಾನಕ್ಕೆ ಕೆಸರು ನೀರು ತೆಗೀರಿ. ಆಮೇಲೆ ಬ್ಲೀಚಿಂಗ್ ಪೌಡರ್. ಸುಮ್ನೆ ಒಂದು ಮುಷ್ಟಿ ಎಸೆಯೋದು ಅಲ್ಲ, ಲೆಕ್ಕ ಇದೆ. ಮಾಮೂಲಿಗೆ 1000 ಲೀಟರಿಗೆ ಎರಡೂವರೆ ಗ್ರಾಂ, ಪ್ರವಾಹದ ನೀರು ಸೇರಿದ ಬಾವಿಗೆ ಅದ್ರ ಎರಡರಷ್ಟು. ಆರಡಿ ಅಗಲದ ಬಾವೀಲಿ ಹತ್ತಡಿ ನೀರಿದ್ರೆ ಹತ್ರ ಹತ್ರ 8 ಸಾವಿರ ಲೀಟರ್ ಆಯ್ತು, ಹಾಗಾಗಿ 40 ಗ್ರಾಂ. ಬಕೆಟಲ್ಲಿ ಕಲಸಿ, ಸುಣ್ಣ ತಳಕ್ಕೆ ಕೂರೋಕೆ ಬಿಟ್ಟು, ಮೇಲಿನ ತಿಳಿ ಮಾತ್ರ ಇನ್ನೊಂದು ಬಕೆಟಿಗೆ ಬಗ್ಗಿಸಿ ಬಾವಿಗೆ ಇಳಿಸಿ ಮೇಲೆ ಕೆಳಗೆ ಆಡಿಸಿ. ಕಮ್ಮಿ ಅಂದ್ರೆ ಒಂದು ಗಂಟೆ ಬಿಡಿ, ಸಣ್ಣಗೆ ಕ್ಲೋರಿನ್ ವಾಸನೆ ಬರ್ಬೇಕು, ಬರ್ದಿದ್ರೆ ಇನ್ನೊಂದ್ಸಲ. ಹಾಗೆ ಮಾಡಿದ್ರೂ ಮಳೆಗಾಲ ಮುಗಿಯೋ ತನಕ ಕುದಿಸಿಯೇ ಕುಡೀರಿ, ಗುಳ್ಳೆ ಎದ್ದು ಚೆನ್ನಾಗಿ ಕುದ್ದ ಮೇಲೆ ಒಂದು ನಿಮಿಷ.

ಇಲಿ ಜ್ವರ ಅಂದ್ರೆ ಜನ ಗಂಭೀರವಾಗಿ ತಗೊಳ್ಳಲ್ಲ. ಕೆಸರಲ್ಲಿ ಬರಿಗಾಲಲ್ಲಿ, ಕಾಲಲ್ಲಿ ಜಿಗಣೆ ಕಚ್ಚಿದ ಗಾಯ ಇಟ್ಕೊಂಡು ಕ್ಲೀನ್ ಮಾಡೋರಿಗೆ ಬರೋದು ಅದು. ಗಂಬೂಟ್ ಹಾಕಿ, ಆಮೇಲೆ ಜ್ವರ, ಮೀನಖಂಡ ನೋವು, ಕಣ್ಣು ಕೆಂಪು ಆದ್ರೆ ಪ್ಯಾರಾಸಿಟಮಾಲ್ ನುಂಗಿ ಕೂರದೆ ಡಾಕ್ಟ್ರಿಗೆ ನೀರಲ್ಲಿ ಓಡಾಡಿದೀನಿ ಅಂತ ಹೇಳಿ.

ತೋಟದಲ್ಲಿ: ಕಾಫಿ ಬುಡದಲ್ಲಿ ನೀರು ನಿಂತ್ರೆ ಬೇರು ಉಸಿರುಗಟ್ಟಿ ಕಾಯಿ ಉದುರೋಕೆ ಶುರು, ಕೊಳೆರೋಗ ಬೇರೆ. ಬಿಡುವು ಸಿಕ್ಕ ಕೂಡ್ಲೇ ಕಾಲುವೆ ತೆಗೆದು ನೀರು ಹೊರಗೆ ಬಿಡಿ, ಗಿಡದ ಕುತ್ತಿಗೆಗೆ ಕೂತ ಹೂಳು ಕೈಯಲ್ಲೇ ಬಿಡಿಸಿ, ಕೊಳೆತ ಎಲೆ ಕಾಯಿ ಗೊಂಚಲು ಆರಿಸಿ ಹೊರಗೆ ಹಾಕಿ. ನೆಂದ ನೆಲಕ್ಕೆ ಗೊಬ್ಬರ ಹಾಕಿದ್ರೆ ಹೊಳೆಗೆ ಹಾಕಿದ ಹಾಗೆ, ಕಾಯಿರಿ. ಮೆಣಸಿಗೆ ಸೊರಗು ರೋಗದ ಭಯ, ಬೋರ್ಡೋ ದ್ರಾವಣ ಮಳೆ ಬಿಟ್ಟಾಗ ಹೊಡೀರಿ, ಚೆಟ್ಟಳ್ಳಿ ಕಾಫಿ ಸಂಶೋಧನಾ ಉಪಕೇಂದ್ರದವ್ರನ್ನ ಕೇಳಿದ್ರೆ ನಿಮ್ಮ ತೋಟಕ್ಕೆ ತಕ್ಕ ಹಾಗೆ ಹೇಳ್ತಾರೆ. ಗದ್ದೆ ಮೇಲೆ ಅಡಿಗಟ್ಲೆ ಮರಳು ಕೂತಿದ್ರೆ, ಹಟ್ಟಿಹೊಳೆ ಮುಕ್ಕೋಡ್ಲು ಕಡೆ 2018ರಲ್ಲಿ ಆದ ಹಾಗೆ, ಅದನ್ನ ತೆಗೆಯೋ ಖರ್ಚು ಗದ್ದೆ ಆದಾಯಕ್ಕಿಂತ ಜಾಸ್ತಿ. ಬರೆ ಬಿದ್ದ ಮಣ್ಣನ್ನ ಮಳೆ ಪೂರ್ತಿ ನಿಲ್ಲೋ ತನಕ ಜೆಸಿಬಿ ತಂದು ಬುಡದಿಂದ ಬಾಚ್ಬೇಡಿ, ಮೇಲಿನದಕ್ಕೆ ಆ ಬಿದ್ದ ಮಣ್ಣೇ ಒತ್ತು ಕೊಟ್ಟಿರತ್ತೆ.

ಹಂತ 6: ಪರಿಹಾರದ ಕಾಗದ

ಮೊದ್ಲು ಗ್ರಾಮ ಆಡಳಿತ ಅಧಿಕಾರಿಗೆ ಹೇಳಿ, ಜೊತೆಗೆ ನಾಡಕಚೇರೀಲಿ ಬರಹದಲ್ಲಿ ಅರ್ಜಿ ಕೊಟ್ಟು ಸ್ವೀಕೃತಿ ತಗೊಳ್ಳಿ. ಬಾಯಲ್ಲಿ ಹೇಳಿದ್ದು, ಫೋನಲ್ಲಿ ಹೇಳಿದ್ದು ಲೆಕ್ಕಕ್ಕೆ ಬರಲ್ಲ. ಬೆಳೆ ನಷ್ಟ ಶೇಕಡ 33ಕ್ಕೆ ಕಮ್ಮಿ ಇದ್ರೆ ವಿಪತ್ತು ನಿಧಿಯಿಂದ ಏನೂ ಸಿಗಲ್ಲ, ಸಿಕ್ಕಿದ್ರೂ ಎರಡು ಹೆಕ್ಟೇರ್ ತನಕ ಮಾತ್ರ, ಹಾಗಾಗಿ ಸರ್ವೆಗೆ ಬಂದವ್ರ ಜೊತೆ ನೀವೇ ತೋಟದಲ್ಲಿ ನಡೆದು ಪ್ರತಿ ಭಾಗ ತೋರ್ಸಿ, ರಸ್ತೆ ಬದಿ ನೋಡಿ ಬರ್ಕೊಂಡು ಹೋಗೋಕೆ ಬಿಡ್ಬೇಡಿ. ಮನೆ ಪೂರ್ತಿ ಹಾನಿ, ಭಾಗಶಃ ಹಾನಿ ಅನ್ನೋದ್ರಲ್ಲಿ ದುಡ್ಡಿನ ವ್ಯತ್ಯಾಸ ತುಂಬ ಇದೆ, ಯಾವುದಕ್ಕೆ ಸೇರಿಸಿದ್ರು ಅಂತ ಅಲ್ಲೇ ಕೇಳಿ, ಒಪ್ಪಿಗೆ ಇಲ್ಲ ಅಂದ್ರೆ ತಹಶೀಲ್ದಾರ್‌ಗೆ ಮರು ಪರಿಶೀಲನೆಗೆ ಬರೀರಿ.

ನಮ್ಮ ಜಿಲ್ಲೆಗೇ ಇರೋ ತಲೆನೋವು ಜಮ್ಮಾ ಜಾಗ, ಅಂದ್ರೆ ಇಡೀ ಕುಟುಂಬಕ್ಕೆ ಒಟ್ಟಿಗೆ ಸೇರಿದ ಹಳೇ ಕಾಲದ ಹಿಡುವಳಿ. ಪಹಣೀಲಿ ಯಾವ್ದೋ ಕಾಲದ ಪಟ್ಟೆದಾರ್ರ (ಕುಟುಂಬದ ಹಿರಿಯರ) ಹೆಸ್ರು ಇರತ್ತೆ, ತೋಟ ಮಾಡ್ತಿರೋದು ನೀವು, ದುಡ್ಡು ಹೋಗೋಕೆ ಹೆಸ್ರು ಆಧಾರ್ ಜೊತೆ ಹೊಂದಲ್ಲ. ನೀರು ಬಂದು ಹೋದ ವಾರದಲ್ಲಿ ಕುಟುಂಬದ ಹದಿನೈದು ಜನರ ಸಹಿ ಹಾಕಿಸ್ತೀನಿ ಅಂದ್ರೆ ಆಗೋ ಕೆಲ್ಸ ಅಲ್ಲ, ಒಬ್ರು ಮೈಸೂರಲ್ಲಿ, ಒಬ್ರು ಆರ್ಮೀಲಿ, ಇಬ್ರು ಮಾತೇ ಆಡಲ್ಲ. ಹಬ್ಬಕ್ಕೆ ಅಂತ ಪುತ್ತರಿಗೋ ಕೈಲ್‌ಪೊಳ್ದ್‌ಗೋ ಎಲ್ರೂ ಕುಟುಂಬದ ಮೂಲ ಮನೆ ಐನ್‌ಮನೇಲಿ ಸೇರ್ತಾರಲ್ಲ, ಯಾರು ಯಾವ ಭಾಗ ಅನುಭವಿಸ್ತಿದಾರೆ ಅಂತ ಒಪ್ಪಿಗೆ ಪತ್ರ ಬರೆದು ಅವತ್ತೇ, ಊಟಕ್ಕೆ ಕೂರೋಕೆ ಮುಂಚೆ ಸಹಿ ಹಾಕಿಸ್ಕೊಳ್ಳಿ. ಊಟ ಆದ್ಮೇಲೆ ಯಾರೂ ಸಿಗಲ್ಲ.